ಕೂಳೂರು ಸಂಕದಾಚೆ ಕೇಳಿ ಕುಡಿದ ನೀರು

ಮಂಗಳೂರಿಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ, ಅಷ್ಟರಲ್ಲೇ ನಾನೊಬ್ಬ ಮುದುಕಿಗೆ ಅವಳ ಮನೆಯ ಜಗಲಿಯಲ್ಲೇ ಕೂತು ಅವಮಾನ ಮಾಡಿದ್ದೆ. ಅದು ಅವಮಾನವೆಂದು ಗೊತ್ತಾದದ್ದು ಅಲ್ಲಿಂದ ಎದ್ದು ಬಂದ ಮೇಲೆ. ಜೆಪ್ಪಿನ ಕಡೆ, ಹಂಚಿನ ಕಾರ್ಖಾನೆಗಳ ಹಿಂದೆ ಅವಳ ಮನೆ. ಮಗನಿಗೆ ಎದೆಯ ಕ್ಷಯ. ಆಸ್ಪತ್ರೆಗೆ ಬರುತ್ತಿದ್ದವನು ಬರುವುದನ್ನು ಬಿಟ್ಟಿದ್ದ. ಯಾಕೆ ಬಿಟ್ಟ ಎಂದು ವಿಚಾರಿಸಿಕೊಂಡು ಬರಲು ಸಮಾಜಕಾರ್ಯ ಕಲಿಯುತ್ತಿದ್ದ ನಮ್ಮಿಬ್ಬರನ್ನು ಕಳಿಸಿದ್ದರು, ನನ್ನನ್ನೂ ನನ್ನ ಸಹಪಾಠಿ ವಿಮಲಾಳನ್ನೂ. ನಾವು ಕೂತದ್ದೇ ತಡ, ಮುದುಕಿ ಒಳಗಿನಿಂದ ತಟ್ಟೆಯಲ್ಲಿ ಎರಡು ತುಂಡು ಬೆಲ್ಲ, ಒಂದು ಚೊಂಬು ನೀರು ತಂದಿಟ್ಟು "ನೀರ್ ಪರ್ಲೆ" ಎಂದಳು. ನೀರು ಕುಡಿಯಿರಿ ಎಂಬುದಕ್ಕೆ ತುಳು ಮಾತು ಅದು. ನಾನು ಕೈಮುಗಿದು, "ಬ್ಯಾಡ್ರಿ ಅಮ್ಮಾರ, ಈಗ ಕುಡದ ಬಂದೇವ್ರಿ" ಎಂದೆ. ವಿಮಲಾ ಬೆಲ್ಲ ಬಾಯಿಗೆ ಹಾಕಿಕೊಂಡು, ಚೊಂಬೆತ್ತಿ ಗಟಗಟ ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡಳು.

ಆಮೇಲೆ ಆ ಮುದುಕಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ವಿಮಲಾಳ ಪಕ್ಕ ಕೂತು ಮಗನ ಕೆಮ್ಮು, ಸೊಸೆ ತವರಿಗೆ ಹೋದದ್ದು, ಅಕ್ಕಪಕ್ಕದವರು ಬಾವಿಗೆ ಬರಬೇಡಿ ಎಂದದ್ದು, ಎಲ್ಲವನ್ನೂ ತುಳುವಿನಲ್ಲಿ ಸುರಿದಳು; ಅದು ನನಗೆ ತಿಳಿದದ್ದು ವಿಮಲಾ ಆಮೇಲೆ ಹೇಳಿದಾಗ. ಇಬ್ಬರೂ ಅತ್ತರು, ನಡುವೆ ಒಮ್ಮೆ ನಕ್ಕರು ಕೂಡ. ನನ್ನ ಪಾಲಿನ ಬೆಲ್ಲಕ್ಕೆ ಇರುವೆ ಮುತ್ತಿತು. ಕಂಬದ ಹಾಗೆ ಕೂತು ನಾನು ಇರುವೆಗಳನ್ನು ನೋಡಿದೆ.

ನಮ್ಮ ಕಡೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತೇವೆ, ಆಮೇಲೆ ಕಂಬಳಿ ಹಾಸುತ್ತೇವೆ, ಚಹಾಕ್ಕೆ ಒಂದು ಸಲ ಬೇಡವೆಂದರೆ ಎರಡನೆಯ ಸಲ ಒತ್ತಾಯ ಮಾಡುತ್ತೇವೆ. ಬೇಡವೆನ್ನುವುದೇ ಮರ್ಯಾದೆ. ಇಲ್ಲಿ ಹಾಗಲ್ಲ. ಬೆಲ್ಲ ನೀರು ಬೇಡವೆಂದರೆ ನಿಮ್ಮ ಮನೆ ನನಗೆ ಆಗಿಬರುವುದಿಲ್ಲ ಎಂದು ಹೇಳಿದಂತೆ. ಎರಡನೆಯ ಸಲ ಯಾರೂ ಕೇಳುವುದಿಲ್ಲ. ಆದರೆ ನಾನು ಬೇಡವೆಂದದ್ದು ಮರ್ಯಾದೆಗೂ ಅಲ್ಲ. ನಮ್ಮ ಮೇಲ್ವಿಚಾರಕಿ ಮಿಸ್ ಲೋಬೊ ಮೊದಲ ದಿನವೇ ಬೆರಳೆತ್ತಿ ಹೇಳಿದ್ದರು: "ಕ್ಷಯದವರ ಮನೆಯಲ್ಲಿ ಎಂತದೂ ಮುಟ್ಟಬಾರದು. ನೀರು ಸಹ ಬೇಡ. ನೀವೇ ಮಲಗಿದ್ರೆ ಮತ್ತೆ ಅವರನ್ನು ನೋಡ್ಲಿಕ್ಕೆ ಯಾರುಂಟು?" ಆ ನಿಯಮ ನನಗೆ ಬಹಳ ಹಿಡಿಸಿತ್ತು. ಯಾಕೆ ಹಿಡಿಸಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ರೋಣದ ಕಡೆಯವಳು. ಎರೆಹೊಲ, ಬಿಳಿಜೋಳ, ದೊಡ್ಡ ಮನೆ, ಊರಿನಲ್ಲಿ ಅಪ್ಪನ ಮಾತಿಗೆ ಬೆಲೆ. ಧಾರವಾಡದಲ್ಲಿ ಬಿ.ಎ. ಮುಗಿಸಿದೆ. ಮಂಗಳೂರಿನಲ್ಲಿ ಸಮಾಜಕಾರ್ಯವೆಂಬ ಎರಡು ವರ್ಷದ ಓದು ಶುರುವಾಗಿದೆಯೆಂದು ತಿಳಿದಾಗ ಹೋಗುತ್ತೇನೆಂದು ಹಟ ಹಿಡಿದೆ. "ಸಮಾಜಸೇವಾಕ್ಕೂ ಸಾಲಿ ಐತೇನವಾ? ನಾಳೆ ನೀರು ಸೇದೂದಕ್ಕೂ ಪರೀಕ್ಷಾ ಇಡ್ತಾರ ನೋಡು" ಎಂದು ಚಿಗವ್ವ, ಅಂದರೆ ನನ್ನ ಚಿಕ್ಕಮ್ಮ, ನಕ್ಕಳು. ನಗಲು ಅವಳು ಉಳಿದಿದ್ದಳು, ಅದೇ ನನ್ನ ಹಟಕ್ಕೆ ಕಾರಣ. ನಾನು ಹತ್ತು ವರ್ಷದವಳಿದ್ದಾಗ ಚಿಗವ್ವನಿಗೆ ಇದೇ ರೋಗ ಬಂದಿತ್ತು. ಅಪ್ಪ ಟಾಂಗಾ ಕಳಿಸಿ ಡಾಕ್ಟರನ್ನು ಕರೆಸಿದರು, ಮಿರಜಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಿಂಗಳುಗಟ್ಟಲೆ ಇರಿಸಿದರು. ಅದೇ ವರ್ಷ ನಮ್ಮ ಊರ ಕೆಳಗಿನ ಕೇರಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತವರಿಗೆ ಯಾರೂ ಟಾಂಗಾ ಕಳಿಸಲಿಲ್ಲ. ರೋಗ ಒಂದೇ, ಟಾಂಗಾ ಮಾತ್ರ ನಮ್ಮ ಮನೆಯ ಮುಂದೆ. ಆ ಲೆಕ್ಕ ನನಗೆ ಆಗ ತಿಳಿಯಲಿಲ್ಲ, ಅದನ್ನು ತಿಳಿಯಲೆಂದೇ ಇಷ್ಟು ದೂರ ಬಂದೆ.

ಬರುವಾಗ ಹೊಳೆಗಳ ಹತ್ತಿರ ಬಸ್ಸನ್ನೇ ದೋಣಿಯ ಮೇಲೆ ಹತ್ತಿಸಿ ದಾಟಿಸಿದರು. ನಾನು ಕಣ್ಣು ಮುಚ್ಚಿ ಕೂತಿದ್ದೆ. ನಾವೂ ಇವರೂ ಒಂದೇ ರಾಜ್ಯದವರಾಗಿ ಹತ್ತು ವರ್ಷವೂ ಆಗಿರಲಿಲ್ಲ. ನಮ್ಮದು ಮುಂಬಯಿ ಸೀಮೆ, ಇವರದು ಮದ್ರಾಸು ಸೀಮೆ ಆಗಿತ್ತು. ಕನ್ನಡ ನಾಡಿಗೇ ಬರುತ್ತಿದ್ದೇನೆ, ಏನು ಕಷ್ಟ ಎಂದುಕೊಂಡಿದ್ದೆ. ಬಂದು ನೋಡಿದರೆ ಮನೆಯೊಳಗೆ ತುಳು, ಇಗರ್ಜಿಯ ಮುಂದೆ ಕೊಂಕಣಿ, ಬಂದರಿನ ಅಂಗಡಿಗಳಲ್ಲಿ ಬ್ಯಾರಿ. ಕನ್ನಡವನ್ನು ಅವರು ಸ್ಕೂಲಿಗೆ ಹಾಕಿಕೊಂಡು ಹೋಗುವ ಅಂಗಿಯ ಹಾಗೆ ಇಟ್ಟಿದ್ದರು. ನನ್ನೊಡನೆ ಮಾತಾಡುವಾಗ ಅದನ್ನು ತೊಟ್ಟುಕೊಂಡು "ನೀವು ಘಟ್ಟದ ಮೇಲಿನವರಾ?" ಎಂದು ಕೇಳುತ್ತಿದ್ದರು. ನಮ್ಮ ಬಯಲುಸೀಮೆಯಲ್ಲಿ ಘಟ್ಟ ಎಲ್ಲಿದೆ? ಆದರೆ ಇವರ ಲೆಕ್ಕದಲ್ಲಿ ಬೆಟ್ಟದಾಚೆ ಇರುವವರೆಲ್ಲ ಘಟ್ಟದವರೇ.

ಹಾಸ್ಟೆಲಿನಲ್ಲಿ ಕೋಣೆ ಸಿಕ್ಕಿತು. ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ, ಮೈ ಒರೆಸಿದಷ್ಟೂ ಬೆವರುತ್ತದೆ. ಊಟಕ್ಕೆ ಕುಚ್ಚಲಕ್ಕಿ, ಅಂದರೆ ಭತ್ತವನ್ನು ಮೊದಲೇ ಬೇಯಿಸಿ ಒಣಗಿಸಿ ಕುಟ್ಟಿದ ಕೆಂಪು ಅಕ್ಕಿ. ಬೆಳಿಗ್ಗೆ ಅದರದೇ ಗಂಜಿ, ಮಧ್ಯಾಹ್ನ ಅದರದೇ ಅನ್ನ. ಹೊಟ್ಟೆ ತುಂಬುತ್ತಿತ್ತು, ಹಸಿವು ಹೋಗುತ್ತಿರಲಿಲ್ಲ. ಜೋಳದ ರೊಟ್ಟಿ ಕನಸಿನಲ್ಲಿ ಬರುತ್ತಿತ್ತೆಂದರೆ ನೀವು ನಗುತ್ತೀರಿ. ಬಡಿಯುವ ಸದ್ದು ಕೂಡ ಕೇಳುತ್ತಿತ್ತು. ಎದ್ದು ನೋಡಿದರೆ ಹಿಂದಿನ ಕಲ್ಲಿನ ಮೇಲೆ ಯಾರೋ ಬಟ್ಟೆ ಒಗೆಯುತ್ತಿರುತ್ತಿದ್ದರು.

ಆ ಕೋಣೆಯಲ್ಲಿ ನನ್ನ ಜೊತೆಗೆ ಇದ್ದವಳೂ ವಿಮಲಾಳೇ. ಗಿಡ್ಡ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಜಡೆ, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿತ್ತು. ಬಜಪೆಯಿಂದ ಮುಂದೆ ಅವಳ ಊರು. ಅಪ್ಪ ಗದ್ದೆ ಮಾಡುವವರು, ಅಣ್ಣ ಪೇಟೆಯಲ್ಲಿ ಅಂಗಡಿ ಇಟ್ಟವನು. ಶನಿವಾರ ಮನೆಗೆ ಹೋಗಿ ಸೋಮವಾರ ಬರುವಾಗ ಬುಟ್ಟಿ ತುಂಬ ಹಲಸಿನ ಹಪ್ಪಳ, ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ, ನಾಲ್ಕನ್ನೂ ಒಂದೇ ಉಸಿರಿಗೆ ಆಡುತ್ತಿದ್ದಳು. ಮೀನಿನವಳು ಅವಳನ್ನು ಹೆಸರು ಹಿಡಿದು ಕೂಗುತ್ತಿದ್ದಳು, ಬಸ್ಸಿನ ಕಂಡಕ್ಟರು ಅವಳಿಗೆ ಕೂರಲು ಜಾಗ ಮಾಡಿಕೊಡುತ್ತಿದ್ದ. ಆಕಾಶದಲ್ಲಿ ವಿಮಾನ ಹೋದರೂ "ನೋಡು, ನಮ್ಮ ಮನೆ ಮಾಡಿನ ಮೇಲಿಂದಲೇ ಇಳೀತದೆ ಅದು" ಎನ್ನುತ್ತಿದ್ದಳು. ಊರು ಅವಳದು, ಭಾಷೆ ಅವಳದು, ಆಕಾಶವೂ ಅವಳದೇ. ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತುಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಓದಿನಲ್ಲಿ ನಾನು ಮುಂದಿದ್ದೆ, ವರದಿ ಬರೆಯುವುದರಲ್ಲಿಯೂ. ಆದರೆ ನನ್ನ ವರದಿಯಲ್ಲಿ ಬರೆಯಲು ಏನಿತ್ತು? 'ಮನೆ ಹಂಚಿನದು, ಕಿಟಕಿ ಒಂದು, ರೋಗಿಯ ತಾಯಿ ಮಾತಾಡಲಿಲ್ಲ.' ವಿಮಲಾಳ ವರದಿಯಲ್ಲಿ ವ್ಯಾಕರಣ ತಪ್ಪು, ಆದರೆ ಜೆಪ್ಪಿನ ಆ ಮುದುಕಿಯ ಮಗ ಮುಂದಿನ ವಾರ ಆಸ್ಪತ್ರೆಗೆ ಬಂದು ಸೂಜಿ ಹಾಕಿಸಿಕೊಂಡ. ಮಿಸ್ ಲೋಬೊ ನನ್ನ ವರದಿಗೆ "ಚಂದ ಉಂಟು" ಎಂದರು. ವಿಮಲಾಳ ಬೆನ್ನು ತಟ್ಟಿದರು. ಬೆನ್ನು ತಟ್ಟಿದ ಸದ್ದು ನನಗೆ ಇಡೀ ದಿನ ಕೇಳಿಸಿತು.

ಆ ಹೊತ್ತಿಗೆ ಪಣಂಬೂರಿನಲ್ಲಿ ಹೊಸ ಬಂದರಿನ ಕೆಲಸ ನಡೆದಿತ್ತು. ಕಲ್ಲು ಒಡೆಯಲು, ಮಣ್ಣು ಹೊರಲು ದೂರದಿಂದ ಜನ ಬಂದು ಕೂಳೂರು ಸಂಕದ ಆಚೆ ಗುಡಿಸಲು ಹಾಕಿಕೊಂಡಿದ್ದರು. ಸಂಕ ಅಂದರೆ ಇಲ್ಲಿ ಸೇತುವೆ. ಅವರಿಗೆ ತುಳು ಬಾರದು, ಆಸ್ಪತ್ರೆಯಲ್ಲಿ ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯದು, ಚೀಟಿ ಮಾಡಿಸುವಷ್ಟರಲ್ಲಿ ಡಾಕ್ಟರು ಎದ್ದಿರುತ್ತಿದ್ದರು. ಆ ಗುಡಿಸಲುಗಳ ಪಾಳಿ ವಿಮಲಾಳಿಗೆ ಬಂದಿತ್ತು. ಒಂದು ಸಂಜೆ ಅವಳು ಬಂದವಳೇ ಮಂಚದ ಮೇಲೆ ಕೂತು, "ನಿನ್ನ ಊರಿನ ಕಡೆಯವಳು ಒಬ್ಬಳು ಸಿಕ್ಕಿದ್ಳು ಮಾರಾಯ್ತಿ. ದುರ್ಗವ್ವ ಅಂತ. ಎದೆಯ ಫೋಟೋ ತೆಗೆಸಿದ್ದೇನೆ, ಎರಡು ಕಡೆಯೂ ಹಿಡಿದಿದೆ. ಅವಳು ಹೇಳುದು ನಂಗೆ ಅರ್ಧ ಆಗುದಿಲ್ಲ, ನಾನು ಹೇಳುದು ಅವಳಿಗೆ ಅರ್ಧ ಆಗುದಿಲ್ಲ. ಆದ್ರೂ ಸೂಜಿಗೆ ಬರ್ತಾಳೆ" ಎಂದಳು. ಆಮೇಲೆ ನಗುತ್ತ ಸೇರಿಸಿದಳು: "ರೊಟ್ಟಿ ಕೊಟ್ಳು. ಹಲ್ಲಿಗೆ ಗಟ್ಟಿ. ಆದ್ರೆ ರುಚಿ ಉಂಟು."

ನಾನು ಐದು ತಿಂಗಳಿಂದ ಒಂದು ತುಣುಕು ರೊಟ್ಟಿ ಕಂಡಿರಲಿಲ್ಲ. ನನ್ನ ನೆಲದ ಜೋಳ, ನನ್ನ ಸೀಮೆಯ ಹೆಂಗಸು, ತಿಂದವಳು ಇವಳು. ಮರುದಿನ ಬೆಳಿಗ್ಗೆ ನಾನು ಮಿಸ್ ಲೋಬೊ ಅವರ ಕೋಣೆಗೆ ಹೋಗಿ, ವಿಮಲಾ ರೋಗಿಗಳ ಮನೆಯಲ್ಲಿ ತಿನ್ನುತ್ತಾಳೆ, ಕುಡಿಯುತ್ತಾಳೆ ಎಂದು ಹೇಳಿದೆ. ಅವಳ ಆರೋಗ್ಯದ ಚಿಂತೆಯಿಂದ ಹೇಳುತ್ತಿದ್ದೇನೆಂಬಂತೆ ಮುಖ ಮಾಡಿಕೊಂಡಿದ್ದೆ. ಮಿಸ್ ಲೋಬೊ ವಿಮಲಾಳನ್ನು ಮನೆಭೇಟಿಯಿಂದ ತೆಗೆದು ಆಸ್ಪತ್ರೆಯ ದಾಖಲೆ ಪುಸ್ತಕದ ಮುಂದೆ ಕೂರಿಸಿದರು. ಗುಡಿಸಲುಗಳನ್ನು ನನಗೆ ಕೊಟ್ಟರು. "ನಿಮ್ಮದೇ ಜನ, ನಿಮ್ಮದೇ ಭಾಷೆ. ಮೊದಲೇ ನಿಮಗೆ ಕೊಡಬೇಕಿತ್ತು" ಎಂದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ದುರ್ಗವ್ವನ ಗುಡಿಸಲಿಗೆ ಹೋದ ದಿನ ನಾನು ಹೊಸ ಇಳಕಲ್ಲ ಸೀರೆ ಉಟ್ಟಿದ್ದೆ. ನಮ್ಮವಳೆಂದು ದೂರದಿಂದಲೇ ತಿಳಿಯಲಿ ಎಂದು. ಅವಳು ಮೂವತ್ತರ ಹೆಂಗಸು, ಮೈಯಲ್ಲಿ ಎಲುಬಷ್ಟೇ. ಗಂಡ ಕಲ್ಲಿನ ಕೆಲಸಕ್ಕೆ ಹೋಗಿದ್ದ. ನನ್ನ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಅರಳಿತು.

"ಯಾವೂರವಾ ತಂಗಿ ನಿಂದು?"

ಹೇಳಿದೆ.

"ಅಯ್ಯ, ನಮ್ಮ ಊರಿಂದ ಎರಡ ಹರದಾರಿ! ಯಾರ ಪೈಕಿ?"

ಅದನ್ನೂ ಹೇಳಿದೆ, ಹೆಮ್ಮೆಯಿಂದಲೇ. ಅರಳಿದ ಮುಖ ಅಲ್ಲಿಗೆ ಮುಚ್ಚಿತು. ದುರ್ಗವ್ವ ಎದ್ದು, ಸೆರಗು ತಲೆಗೆ ಎಳೆದುಕೊಂಡು, ಒಂದು ಗೋಣಿಚೀಲ ಕೊಡವಿ ನನಗೆಂದು ಹಾಸಿ, ತಾನು ದೂರ ಸರಿದು ನಿಂತಳು. "ದೊಡ್ಡ ಮನಿಯವ್ರು. ಕುಂದರ್ರೀ" ಎಂದಳು. ತಂಗಿ ಎಂದವಳು ಒಂದೇ ಕ್ಷಣದಲ್ಲಿ ನನಗೆ 'ರೀ' ಹಚ್ಚಿದ್ದಳು. ನೀರು ಕೊಡಲಿಲ್ಲ. ಕೊಡಲೇ ಎಂದು ಕೇಳಲೂ ಇಲ್ಲ. ಅವಳ ಕೇರಿಯ ನೀರು ನಮ್ಮ ಓಣಿಯವರು ಮುಟ್ಟುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕೇಳಲಿಲ್ಲವಲ್ಲ ಎಂದು ಆ ಹೊತ್ತು ನನಗೆ ಹಾಯೆನಿಸಿತು. ಮಿಸ್ ಲೋಬೊ ಅವರ ನಿಯಮ ನನಗೆ ಯಾಕೆ ಅಷ್ಟು ಹಿಡಿಸಿತ್ತೆಂದು ಈಗ ನಿಮಗೆ ತಿಳಿದಿರಬಹುದು. ರೋಗದ ಹೆಸರಿನಲ್ಲಿ ನಾನು ಊರಿನದನ್ನೇ ಪಾಲಿಸುತ್ತಿದ್ದೆ.

ಸೂಜಿಗೆ ಕರೆದುಕೊಂಡು ಹೋಗುವ ದಿನ ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇತ್ತು. ದುರ್ಗವ್ವ ಕೂರಲಿಲ್ಲ. ಕಂಬ ಹಿಡಿದು, ಕೆಮ್ಮುತ್ತ, ಕೂಳೂರಿನಿಂದ ಪೇಟೆಯವರೆಗೂ ನಿಂತೇ ಬಂದಳು. ನಾನು "ಕುಂದರ್ರಿ" ಎಂದು ಒಮ್ಮೆ ಹೇಳಿದೆ. ಒಮ್ಮೆ ಮಾತ್ರ. ಎರಡನೆಯ ಸಲ ಒತ್ತಾಯ ಮಾಡುವ ನಮ್ಮ ಕಡೆಯ ಮರ್ಯಾದೆ ಅವತ್ತು ಎಲ್ಲಿ ಹೋಗಿತ್ತೋ. ಆಸ್ಪತ್ರೆಯಲ್ಲಿ ದಾಖಲೆ ಪುಸ್ತಕದ ಹಿಂದಿನಿಂದ ವಿಮಲಾ ಎದ್ದು ಬಂದಳು. ಅವಳನ್ನು ಕಂಡದ್ದೇ ದುರ್ಗವ್ವ ಓಡಿದಂತೆ ಹೋಗಿ ಕೈ ಹಿಡಿದುಕೊಂಡಳು. ಅವಳ ಅರ್ಧ ಇವಳಿಗೆ ತಿಳಿಯದು, ಇವಳ ಅರ್ಧ ಅವಳಿಗೆ ತಿಳಿಯದು, ಆದರೂ ಏನು ಮಾತು, ಏನು ನಗು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹಿತ್ತಲ ಗಿಡವಾಗಿ ನಿಂತು ಕೇಳಿದವರಿಗೇ ಅದರ ಕಹಿ ಗೊತ್ತು.

ಆಮೇಲೆ ದುರ್ಗವ್ವ ಬರುವುದನ್ನು ಬಿಟ್ಟಳು. ಎರಡು ವಾರ ಆಯಿತು, ಮೂರು ವಾರ ಆಯಿತು. ಡಾಕ್ಟರು ನನ್ನನ್ನು ಕರೆದು, ಅರ್ಧಕ್ಕೆ ಬಿಟ್ಟರೆ ಮುಂದೆ ಈ ಔಷಧಿಯೂ ನಾಟುವುದಿಲ್ಲ, ಮಳೆಗಾಲ ದಾಟುವುದು ಕಷ್ಟ ಎಂದರು. ಮತ್ತೆ ಗುಡಿಸಲಿಗೆ ಹೋದೆ. ದುರ್ಗವ್ವ ಬಾಗಿಲಲ್ಲೇ ನಿಂತು ಕೈಮುಗಿದಳು.

"ಬ್ಯಾಡ್ರೀ ಎವ್ವಾರ. ನಾ ಬರಂಗಿಲ್ರಿ."

"ಯಾಕ?"

"ನೀವು ಊರಿಗೆ ಕಾಗದಾ ಬರೀತೀರಿ. ನಿಮ್ಮ ಮನಿಯಾಗ ಅಂತಾರ, ನಮ್ಮ ಊರಾಗ ಕೇಳತಾರ. ಊರಾಗ ನನ್ನ ಮಗಳು ಅದಾಳ, ಅಕಿಗೆ ಲಗ್ನಾ ಗೊತ್ತಾಗೇತಿ. ತಾಯಿಗೆ ಇಂಥಾ ರೋಗ ಅಂದ್ರ ಯಾರ ಮಾಡ್ಕೋತಾರ? ಆ ಗಿಡ್ಡ ಅವ್ವ ಬರತಿದ್ಲು, ಅಕಿ ಯಾರೋ, ನಾ ಯಾರೋ. ಅಕಿ ಮುಂದ ಕೆಮ್ಮಿದ್ರ ಕೆಮ್ಮ ಇಲ್ಲೇ ಇರತಿತ್ತು."

ನಾನು ಬರೆಯುವುದಿಲ್ಲ ಎಂದೆ. ಅವಳು ನಂಬಲಿಲ್ಲ. ನಂಬಲು ನಾನು ಅವಳಿಗೆ ಏನು ಕೊಟ್ಟಿದ್ದೆ? ನಾನು ವಿಮಲಾಳ ನಾಲ್ಕು ಭಾಷೆಗೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಈ ಹೆಂಗಸಿಗೆ ಬೇಕಾದದ್ದು ಭಾಷೆಯೇ ಅಲ್ಲ, ತನ್ನ ಊರು ತಿಳಿಯದ ಒಬ್ಬಳು. ಪರಕೀಯಳೆಂದು ಅಷ್ಟು ದಿನ ಕೊರಗಿದ ನನಗೆ, ಬೇಕಾದ ಕಡೆ ಪರಕೀಯಳಾಗಲು ಬರಲಿಲ್ಲ.

ಭಾನುವಾರ ಬೆಳಿಗ್ಗೆ ವಿಮಲಾ ಹಾಸ್ಟೆಲಿನ ಹಿಂದೆ ಬಟ್ಟೆ ಒಗೆಯುತ್ತಿದ್ದಳು. ಮನೆಗೆ ಹೋಗಿರಲಿಲ್ಲ. ನಾನು ಹತ್ತಿರ ಹೋಗಿ, "ಲೋಬೊ ಮೇಡಮ್ಮರಿಗೆ ಹೇಳಿದಾಕಿ ನಾನ" ಎಂದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಎರಡು ಸಲ ಜೋರಾಗಿ ಕಲ್ಲಿಗೆ ಬಡಿದಳು.

"ಗೊತ್ತುಂಟು."

"ಯಾರು ಹೇಳಿದ್ರು?"

"ಯಾರಾದ್ರೂ ಹೇಳ್ಬೇಕಾ? ರೊಟ್ಟಿ ಅಂದ ಕೂಡಲೆ ನಿನ್ನ ಮುಖ ಹೇಗೆ ಆಯ್ತು ಅಂತ ನಾನು ನೋಡ್ಲಿಲ್ವಾ? ಒಂದು ತುಂಡು ತಂದು ಕೊಡು ಅಂತ ಕೇಳಿದ್ರೆ ತರ್ತಿದ್ದೆ. ನೀನು ಕೇಳುದಿಲ್ಲ. ನಿಂಗೆ ಕೇಳ್ಲಿಕ್ಕೆ ಬರುದೇ ಇಲ್ಲ."

ನಾನು ದುರ್ಗವ್ವನ ವಿಷಯ ಹೇಳಿದೆ. ನೀರಿನ ವಿಷಯವನ್ನೂ ಹೇಳಿದೆ, ನಮ್ಮ ಓಣಿ, ಅವರ ಕೇರಿ, ಎಲ್ಲ. ಹೇಳುವಾಗ ಅಳು ಬಂತು. "ನಿನ್ನಷ್ಟು ಒಳ್ಳೆಯ ಮನಸ್ಸು ನನಗಿಲ್ಲ" ಎಂದೆ. ವಿಮಲಾ ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ನೋಡಿದಳು.

"ಎಂತ ಒಳ್ಳೆ ಮನಸ್ಸು? ನಮ್ಮ ಗದ್ದೆಗೆ ಬರುವ ಆಳುಗಳ ಮನೆಯಲ್ಲಿ ನಾನು ಒಂದು ಹನಿ ನೀರು ಕುಡಿದವಳಲ್ಲ. ಕುಡಿದ್ರೆ ಅಜ್ಜಿ ಒಳಗೆ ಬಿಡ್ಲಿಕ್ಕಿಲ್ಲ. ಅವರೂ ಕೊಡುದಿಲ್ಲ. ನಿನ್ನ ದುರ್ಗವ್ವ ಯಾರು, ಯಾವ ಕೇರಿ, ನಂಗೆ ಗೊತ್ತುಂಟಾ? ಗೊತ್ತಿಲ್ಲ, ಅದಕ್ಕೆ ಕುಡಿದೆ. ಅಷ್ಟೇ ಮಾರಾಯ್ತಿ."

ಇಷ್ಟು ದಿನ ನಾನು ಹೊಟ್ಟೆ ಉರಿಸಿಕೊಂಡದ್ದು ಇಂಥವಳ ಮೇಲೆ. ಅವಳು ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿ, "ನೀನು ಹೋಗಿ ಕೇಳು. ಬಾಯಾರಿಕೆ ಆಗ್ತದೆ ಅಂತ ಹೇಳು" ಎಂದು ಒಳಗೆ ಹೋದಳು. ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಕ್ಷಮಿಸಿದೆ ಎಂದು ಅವಳು ಇವತ್ತಿನವರೆಗೂ ಹೇಳಿಲ್ಲ.

ಮರುದಿನ ಬಿಸಿಲು ಏರುವ ಮೊದಲೇ ಕೂಳೂರು ಸಂಕ ದಾಟಿದೆ. ದುರ್ಗವ್ವ ಒಲೆಯ ಮುಂದೆ ಕೂತಿದ್ದಳು. ನಾನು ಗೋಣಿಚೀಲ ಹಾಸುವುದಕ್ಕೆ ಕಾಯದೆ ನೆಲದ ಮೇಲೆ ಕೂತು, "ಎವ್ವಾ, ನೀರಡಿಕಿ ಆಗೇತಿ. ನೀರ ಕೊಡು" ಎಂದೆ.

"ಬಂದರದ ಆಫೀಸಿನ ಬಾಜೂಕ ನಳಾ ಐತಲ್ರಿ" ಎಂದಳು, ತಲೆ ಎತ್ತದೆ.

"ನಳದ್ದು ಬ್ಯಾಡ. ನಿನ್ನ ಕೊಡದಾಗಿಂದು."

ಅವಳು ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದಳು. ಆಮೇಲೆ ಎದ್ದು ಹಿತ್ತಾಳೆಯ ಲೋಟವನ್ನು ಬೂದಿ ಹಚ್ಚಿ ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು, ಮತ್ತೆ ತೊಳೆದಳು. ನೀರು ತುಂಬಿ ನನ್ನ ಕೈಗೆ ಕೊಡದೆ ಒಂದು ಮಾರು ದೂರ ನೆಲದ ಮೇಲಿಟ್ಟು ಹಿಂದೆ ಸರಿದಳು. ನಾನು ಮುಂದೆ ಬಾಗಿ ತೆಗೆದುಕೊಂಡೆ. ಯಾವ ದೊಡ್ಡ ವಿಚಾರವೂ ತಲೆಯಲ್ಲಿ ಬರಲಿಲ್ಲ, ಅಪ್ಪನ ರುಮಾಲು ಒಂದೇ ಕಣ್ಣ ಮುಂದೆ ಬಂತು. ಸಮುದ್ರ ಹತ್ತಿರ, ನೀರು ಉಪ್ಪುಪ್ಪು. ಮೂರು ಗುಟುಕಿನಲ್ಲಿ ಮುಗಿಸಿದೆ. ಲೋಟ ಕೆಳಗಿಡದೆ, ಎದ್ದು ಹೋಗಿ ಅವಳ ಕೈಗೇ ಕೊಟ್ಟೆ.

ದುರ್ಗವ್ವ ಲೋಟವನ್ನೂ ನನ್ನನ್ನೂ ನೋಡಿದಳು. ಮೊದಲ ಸಲ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಹೇಳಿದಳು: "ಮುಗೀತ ನೋಡವಾ. ನೀ ಇನ್ನ ನಮ್ಮ ಸೀಮಿಯಾಕಿ ಅಲ್ಲ. ಈ ಊರಾಕೀನ ಆದಿ."

"ಹಂಗಾದ್ರ ನಾ ಊರಿಗೆ ಯಾಕ ಕಾಗದಾ ಬರೀಲಿ?" ಎಂದೆ.

ಅವಳಿಗೆ ಅದು ಸರಿಯೆನಿಸಿತು. "ಬರತೇನಿ ಸೂಜಿಗೆ. ಆದರ ಆ ಗಿಡ್ಡ ಅವ್ವನ್ನೂ ಕರಕೊಂಡ ಬಾ" ಎಂದಳು. ಇಷ್ಟಾದರೂ ಅವಳಿಗೆ ಬೇಕಾದವಳು ವಿಮಲಾ. ನಾನು ಮಿಸ್ ಲೋಬೊ ಅವರ ಮುಂದೆ ನಿಂತು, ದೂರು ಹೇಳಿದ್ದು ಹೊಟ್ಟೆಕಿಚ್ಚಿನಿಂದ ಎಂದೆ, ನಾನೂ ನೀರು ಕುಡಿದೆ ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಬ್ಬರೂ ತಿಂಗಳಿಗೊಮ್ಮೆ ಎದೆಯ ಫೋಟೋ ತೆಗೆಸಿ. ನನಗೆ ಬೇರೆ ಎಂತದೂ ಕೇಳ್ಲಿಕ್ಕೆ ಇಲ್ಲ" ಎಂದರು. ಬಸ್ಸಿನಲ್ಲಿ ಆಮೇಲೆ ದುರ್ಗವ್ವ ವಿಮಲಾಳ ಪಕ್ಕ ಕೂತಳು. ಜಾಗವಿಲ್ಲದೆ ನಾನು ಕಂಬ ಹಿಡಿದು ನಿಂತೆ.

ಒಂದೂವರೆ ವರ್ಷ ಸೂಜಿ, ಮಾತ್ರೆ ನಡೆಯಿತು. ಆ ನಡುವೆ ಗುಡಿಸಲುಗಳಿಂದ ಬರುವವರಿಗೆಂದು ಆಸ್ಪತ್ರೆಯ ವರಾಂಡದಲ್ಲಿ ಒಂದು ಬೆಂಚು ಹಾಕಿಸಿದೆವು. ಬೆಳಿಗ್ಗೆ ಅಲ್ಲಿ ಕೂತವರಿಗೆ ಚೀಟಿ ಮಾಡಿಸಿಕೊಡುವುದು, ಡಾಕ್ಟರು ಹೇಳಿದ್ದನ್ನು ಅವರ ಮಾತಿನಲ್ಲಿ ತಿಳಿಸುವುದು, ಅವರು ಹೇಳಲಾರದ್ದನ್ನು ಡಾಕ್ಟರಿಗೆ ಹೇಳುವುದು ನಮ್ಮ ಕೆಲಸ. ಓದು ಮುಗಿದ ಮೇಲೆ ಅದೇ ನನ್ನ ನೌಕರಿಯಾಯಿತು. ಈಗ ಅಲ್ಲಿ ತಮಿಳಿನವರು, ಮಲೆಯಾಳದವರು, ನಮ್ಮ ಕಡೆಯವರು ಎಲ್ಲ ಕೂರುತ್ತಾರೆ. ಬೆಂಚಿನ ತುದಿಯಲ್ಲಿ ಒಂದು ಮಣ್ಣಿನ ಹೂಜಿ, ಪಕ್ಕದಲ್ಲಿ ಬೆಲ್ಲದ ಡಬ್ಬಿ ಇದೆ. ಬಂದವರಿಗೆ ಮೊದಲು ಅದು, ರೋಗದ ಮಾತು ಆಮೇಲೆ.

ದುರ್ಗವ್ವನ ಎದೆ ವಾಸಿಯಾಯಿತು. ಮಗಳ ಲಗ್ನವೂ ಆಯಿತು. ಅವರ ಗುಂಪು ಬೇರೆ ಕಡೆ ಕೆಲಸಕ್ಕೆ ಹೊರಟಾಗ ಕೊನೆಯ ಸಲ ನೋಡಿಬರಲು ಹೋದೆ. ವಿಮಲಾ ಊರಿಗೆ ಹೋಗಿದ್ದಳು. ದುರ್ಗವ್ವ ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ನನ್ನ ಕೈಗಿಟ್ಟು, "ಐದ ರೊಟ್ಟಿ ಅದಾವು, ಮ್ಯಾಲ ಕೆಂಪ ಖಾರ ಐತಿ. ಆ ಗಿಡ್ಡ ಅವ್ವಗ ಮುಟ್ಟಸವಾ" ಎಂದಳು. ನನಗೆ? ನನಗೇನೂ ಇರಲಿಲ್ಲ. ನಾನು ಈ ಊರಿನವಳಾಗಿಬಿಟ್ಟಿದ್ದೆನಲ್ಲ, ನನಗೆ ರೊಟ್ಟಿಯ ಹಸಿವು ಇರಬಹುದೆಂದು ಅವಳಿಗೆ ಹೊಳೆಯಲಿಲ್ಲವೇನೋ.

ಬಸ್ಸು ಸಂಕದ ಮೇಲೆ ಬಂದಾಗ ಗಂಟಿನಿಂದ ಜೋಳದ ವಾಸನೆ ಎದ್ದಿತು. ಬಿಚ್ಚಿದೆ. ಒಂದು ರೊಟ್ಟಿ ಮುರಿದೆ, ಖಾರ ಹಚ್ಚಿದೆ, ತಿಂದೆ. ಇನ್ನೊಂದನ್ನೂ ತಿಂದೆ. ಕಣ್ಣಲ್ಲಿ ನೀರು ಬಂತು, ಖಾರಕ್ಕೆಂದೇ ಹೇಳೋಣ. ಯಾರ ಒಲೆಯ ರೊಟ್ಟಿ, ಯಾವ ಕೇರಿಯದು ಎಂಬುದು ನೆನಪಾದದ್ದು ಎರಡನೆಯದರ ಕೊನೆಯ ತುತ್ತು ಇಳಿದ ಮೇಲೆ. ಆ ನೀರು ಕುಡಿಯಲು ನನಗೆ ವಾರಗಳೇ ಬೇಕಾಗಿದ್ದವು. ರೊಟ್ಟಿಯನ್ನು ಹೊಟ್ಟೆಕಿಚ್ಚು ತಿನ್ನಿಸಿತು. ಸೋಮವಾರ ವಿಮಲಾ ಗಂಟು ಬಿಚ್ಚಿ, "ಮೂರೇ ಕೊಟ್ಟದ್ದಾ?" ಎಂದು ಕೇಳಿದಳು. ಹೌದೆಂದೆ.

ಇಲ್ಲಿ ಬಸ್ಸಿನಲ್ಲಿ ನನ್ನನ್ನು ಈಗಲೂ ಘಟ್ಟದವಳಾ ಎಂದೇ ಕೇಳುತ್ತಾರೆ. ದುರ್ಗವ್ವ ಎಂಬುದು ಅವಳ ನಿಜವಾದ ಹೆಸರಲ್ಲ, ಊರನ್ನೂ ನಾನು ಮರೆಸಿದ್ದೇನೆ, ಹುಡುಕಬೇಡಿ. ಬರೆದವಳ ಹೆಸರೆಂದು ಅಚ್ಚಾಗುವ ನನ್ನ ಹೆಸರನ್ನು ಮಾತ್ರ ಮರೆಸಿಲ್ಲ. ಇದು ಅಚ್ಚಾದ ಮೇಲೆ ನಮ್ಮ ಮನೆಗೂ ಬರುತ್ತದೆ, ಅಪ್ಪ ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಾರೆ, ಚಿಗವ್ವ ಒಳಗಿನಿಂದ ಕೇಳಿಸಿಕೊಳ್ಳುತ್ತಾಳೆ. ಅಪ್ಪಾ, ಚಿಗವ್ವಾ, ಬೇಸಿಗೆಯ ರಜೆಗೆ ನಾನು ಬರುತ್ತೇನೆ. ಬಂದು ಪಡಸಾಲೆಯಲ್ಲಿ ಕೂರುತ್ತೇನೆ, ನೀರಡಿಕೆಯಾಗಿದೆ ಎನ್ನುತ್ತೇನೆ. ಲೋಟವನ್ನು ನೀವು ನನ್ನ ಕೈಗೆ ಕೊಡುತ್ತೀರೋ, ಒಂದು ಮಾರು ದೂರ ನೆಲದ ಮೇಲಿಡುತ್ತೀರೋ ನೋಡುತ್ತೇನೆ.